ಒಂದೇ ಗೋದಾಮು, ಎರಡು ಬಗೆಯ ಗಿರಾಕಿ: ಹೋಲ್‌ಸೇಲ್‌ಗೆ ಎಷ್ಟು, ಆನ್‌ಲೈನ್‌ಗೆ ಎಷ್ಟು ಎತ್ತಿಡಬೇಕು?

ಗೋದಾಮಿನಲ್ಲಿ ಒಂದು ಐಟಂ 500 ಪೀಸ್ ಇದೆ ಅಂತಿಟ್ಟುಕೊಳ್ಳಿ. ಬೆಳಗ್ಗೆ ಹೋಲ್‌ಸೇಲ್ ಪಾರ್ಟಿಯೊಬ್ಬರು ಫೋನ್ ಮಾಡಿ 450 ಬೇಕು ಎನ್ನುತ್ತಾರೆ. ಆನ್‌ಲೈನ್‌ನಲ್ಲಿ ದಿನಕ್ಕೆ ಸುಮಾರು 15 ಪೀಸ್ ಹೋಗುತ್ತಿದೆ. ಪಾರ್ಟಿಗೆ ಹೂಂ ಅಂದರೆ ಉಳಿಯುವುದು 50, ಮೂರು ದಿನದ ಮಾಲು. ಊಹೂಂ ಅಂದರೆ 450 ಪೀಸಿನ ಬಿಲ್ಲು ಕೈತಪ್ಪುತ್ತದೆ.

ಇಂಥ ಹೊತ್ತಿನಲ್ಲಿ ಎಲ್ಲರೂ ಕೇಳುವುದು ಪಾಲಿನ ಪ್ರಶ್ನೆ: 60-40 ಮಾಡೋದಾ, 70-30 ಮಾಡೋದಾ? ನನ್ನನ್ನು ಕೇಳಿದರೆ ಪಾಲು ಆಮೇಲಿನ ಮಾತು. ಮೊದಲು ತೀರ್ಮಾನ ಆಗಬೇಕಾದದ್ದು, ಒಂದು ಪೀಸು ಯಾವಾಗ ಒಬ್ಬರ ಹೆಸರಿಗೆ ಬೀಳುತ್ತದೆ, ಎಷ್ಟು ದಿನ ಅವರ ಹೆಸರಲ್ಲೇ ಕೂತಿರಬಹುದು ಅನ್ನೋದು. ಬೇಗ ಹೆಸರು ಬರೆದಷ್ಟೂ ಆ ಪೀಸು ಬೇರೆಯವರಿಗೆ ಸಿಗದೆ ಸುಮ್ನೆ ಕೂರುತ್ತದೆ. ತಡ ಮಾಡಿದಷ್ಟೂ ಕೊಟ್ಟ ಮಾತು ತಪ್ಪುವ ಭಯ ಜಾಸ್ತಿ. ಕೆಳಗೆ ಹೇಳುವ ದಾರಿಗಳೆಲ್ಲ ಈ ಎರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲುತ್ತವೆ, ಅಷ್ಟೇ ವ್ಯತ್ಯಾಸ.

ಮೊದಲು ಗಿರಾಕಿಗಳ ಗುಣ ನೋಡಿ

ಹೋಲ್‌ಸೇಲ್ ಆರ್ಡರ್ ಅಪರೂಪಕ್ಕೆ ಬರುತ್ತದೆ, ಬಂದರೆ ದೊಡ್ಡದಾಗಿ ಬರುತ್ತದೆ. ವಾರ ಎರಡು ವಾರ ಮುಂಚೆಯೇ ಹೇಳಿರುತ್ತಾರೆ, ಡೆಲಿವರಿ ತಾರೀಖು ಕೊಟ್ಟಿರುತ್ತಾರೆ. ಫೋನ್ ಎತ್ತಿ ಮಾತಾಡಿದರೆ ಅರ್ಧ ಈಗ, ಅರ್ಧ ಆಮೇಲೆ ಅಂತ ಒಪ್ಪುವವರೂ ಇದ್ದಾರೆ. ದರ ಕಡಿಮೆ, ಹಣ ಕೈಗೆ ಬರುವುದು 30 ಅಥವಾ 60 ದಿನ ಕಳೆದ ಮೇಲೆ.

ಆನ್‌ಲೈನ್ ಗಿರಾಕಿ ಹಾಗಲ್ಲ. ಅವರ ಜೊತೆ ಮಾತಾಡುವ ಅವಕಾಶವೇ ಇಲ್ಲ. 'ಸ್ಟಾಕ್ ಇಲ್ಲ' ಅಂತ ಕಂಡರೆ ಪಕ್ಕದ ಲಿಸ್ಟಿಂಗ್‌ಗೆ, ಅಂದರೆ ಬೇರೆಯವರು ಮಾರಾಟಕ್ಕೆ ಹಾಕಿದ ಪುಟಕ್ಕೆ, ಹೋಗುತ್ತಾರೆ, ಹೋದದ್ದು ನಿಮಗೆ ಗೊತ್ತೂ ಆಗುವುದಿಲ್ಲ. ಹೋಲ್‌ಸೇಲ್ ಪಾರ್ಟಿ ಕೈತಪ್ಪಿದರೆ ಅದು ಎದ್ದು ಕಾಣುತ್ತದೆ, ಬೈಗುಳವೂ ಕೇಳಿಸುತ್ತದೆ. ಆನ್‌ಲೈನ್‌ನಲ್ಲಿ ಕಳೆದುಕೊಂಡದ್ದು ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ. ಹೆಚ್ಚಿನ ಗೋದಾಮುಗಳಲ್ಲಿ ಕೂಗಾಡುವವರಿಗೆ ಮಾಲು ಮೊದಲು ಹೋಗುವುದು ಇದಕ್ಕೇ, ಯಾರೂ ಕೂತು ಮಾಡಿದ ತೀರ್ಮಾನ ಅಲ್ಲ ಅದು.

ಇನ್ನು 'ಆನ್‌ಲೈನ್‌ನಲ್ಲಿ ಲಾಭ ಜಾಸ್ತಿ' ಅನ್ನುವ ಮಾತು. ಅದನ್ನು ಹಾಗ್ಹಾಗೇ ನಂಬಬೇಡಿ. ಮಾರಿದ ಬೆಲೆಯಿಂದ ಮಾಲಿನ ಅಸಲು ಕಳೆಯಿರಿ. ಮಾರ್ಕೆಟ್‌ಪ್ಲೇಸ್ (ಅಮೆಜಾನ್‌ನಂಥ ಮಾರಾಟದ ತಾಣ) ಕಮಿಷನ್, ಪೇಮೆಂಟ್ ಶುಲ್ಕ, ಪ್ಯಾಕಿಂಗ್, ಕೊರಿಯರ್, ಜಾಹೀರಾತು ಎಲ್ಲ ಕಳೆಯಿರಿ. ಆಮೇಲೆ ರಿಟರ್ನ್: ಹೋಗುವ ಖರ್ಚು, ಬರುವ ಖರ್ಚು, ವಾಪಸ್ ಬಂದದ್ದರಲ್ಲಿ ಮತ್ತೆ ಮಾರಲಾಗದ ಪೀಸುಗಳು. ಇದನ್ನು ಮಾರಾಟವಾದ ಪ್ರತಿ ಪೀಸಿನ ಮೇಲೂ ಹಂಚಿ. ಹೋಲ್‌ಸೇಲ್‌ನಲ್ಲೂ ಅಷ್ಟೇ, ಡಿಸ್ಕೌಂಟು, ಲಾರಿ ಬಾಡಿಗೆ, ಉದ್ದರಿಯ ಮೇಲಿನ ಬಡ್ಡಿ ಕಳೆಯಿರಿ. ಭಾರ ಜಾಸ್ತಿ, ಬೆಲೆ ಕಡಿಮೆ ಇರುವ ಐಟಂಗಳಲ್ಲಿ ಕೊರಿಯರ್ ಖರ್ಚೇ ಲಾಭ ತಿಂದು ಹೋಲ್‌ಸೇಲೇ ಮೇಲು ಅನ್ನಿಸುವುದುಂಟು. ಐಟಂ ಐಟಂಗೂ ಈ ಎರಡು ಅಂಕಿ ಕೈಯಲ್ಲಿಲ್ಲದೆ ಪಾಲು ಮಾಡಲು ಕೂರುವುದರಲ್ಲಿ ಅರ್ಥವೇ ಇಲ್ಲ.

ಮಾತು ತಪ್ಪಿದರೆ ದಂಡ ಎರಡೂ ಕಡೆ ಇದೆ, ರೂಪ ಬೇರೆ. ಅಮೆಜಾನ್‌ನಲ್ಲಿ ತಾವೇ ಪ್ಯಾಕ್ ಮಾಡಿ ಕಳಿಸುವ ಮಾರಾಟಗಾರರು ರದ್ದು ಮಾಡುವ ಆರ್ಡರ್ ಶೇ. 2.5ಕ್ಕಿಂತ ಕಡಿಮೆ, ತಡವಾಗಿ ಕಳಿಸುವುದು ಶೇ. 4ಕ್ಕಿಂತ ಕಡಿಮೆ ಇರಬೇಕು. ದಾಟಿದರೆ ಖಾತೆಗೇ ಕುತ್ತು. ಆ ಕಡೆ ವಾಲ್‌ಮಾರ್ಟ್ 2017ರಲ್ಲಿ ಪೂರೈಕೆದಾರರಿಗೆ 'ಹೇಳಿದ ಹೊತ್ತಿಗೆ, ಹೇಳಿದಷ್ಟು' ಅನ್ನುವ ನಿಯಮ ತಂದು, ತಪ್ಪಿದ ಮಾಲಿನ ಮೌಲ್ಯದ ಶೇ. 3ರಷ್ಟು ದಂಡ ಹಾಕತೊಡಗಿತು. ನಿಮ್ಮ ಗಿರಾಕಿಗಳು ಅಷ್ಟು ದೊಡ್ಡವರಲ್ಲದೇ ಇರಬಹುದು. ಆದರೂ ಯಾವ ಮಾತು ತಪ್ಪಿದರೆ ಎಷ್ಟು ಕೈಬಿಡುತ್ತದೆ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ದಾರಿ 1: ಒಂದೇ ರಾಶಿ, ಮೊದಲು ಬಂದವರಿಗೆ ಮೊದಲು

ಎಲ್ಲಕ್ಕಿಂತ ಸುಲಭದ್ದು ಇದು. ಸ್ಟಾಕ್ ಒಂದೇ, ಆರ್ಡರ್ ಬಂದ ಹಾಗೆ ಕಳೆಯುತ್ತಾ ಹೋಗುವುದು. ಮಾಲು ಧಾರಾಳವಾಗಿದ್ದು, ಮುಗಿದರೆ ಎರಡು ಮೂರು ದಿನದಲ್ಲಿ ಮತ್ತೆ ತರಿಸಬಹುದಾದರೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ತಲೆಬಿಸಿ ಮಾಡಿಕೊಳ್ಳುವ ಅಗತ್ಯವೇ ಬರುವುದಿಲ್ಲ.

ಇದರ ದೊಡ್ಡ ಬಲ ಏನೆಂದರೆ, ಒಂದು ಕಡೆ ಮಂದವಾದಾಗ ಇನ್ನೊಂದು ಕಡೆ ಆ ಮಾಲನ್ನು ಎಳೆದುಕೊಳ್ಳುತ್ತದೆ. ಲೆಕ್ಕದಲ್ಲಿ ನೋಡಿ. ಎರಡೂ ಕಡೆ ವಾರಕ್ಕೆ ಸರಾಸರಿ ತಲಾ 100 ಪೀಸ್ ಹೋಗುತ್ತದೆ, ಏರಿಳಿತ 30ರಷ್ಟು, ಅದರ ಎರಡು ಪಟ್ಟು ಕಾಪು ಸ್ಟಾಕ್ (ಬೇಡಿಕೆ ದಿಢೀರ್ ಏರಿದರೂ ಸಾಲಲಿ ಅಂತ ಇಡುವ ಹೆಚ್ಚುವರಿ ಮಾಲು) ಇಡುತ್ತೀರಿ ಅಂದುಕೊಳ್ಳಿ. ಬೇರೆ ಬೇರೆ ಇಟ್ಟರೆ 60 ಮತ್ತು 60, ಒಟ್ಟು 120 ಪೀಸ್ ಹೆಚ್ಚುವರಿ ಬೇಕು. ಒಂದೇ ರಾಶಿ ಮಾಡಿದರೆ ಏರಿಳಿತಗಳು ನೇರವಾಗಿ ಕೂಡುವುದಿಲ್ಲ, ವರ್ಗ ಮಾಡಿ ಕೂಡಿ ವರ್ಗಮೂಲ ತೆಗೆಯಬೇಕು, ಅದು ಸುಮಾರು 42 ಆಗುತ್ತದೆ. ಅದರ ಎರಡು ಪಟ್ಟು 85. ಅದೇ ಭರವಸೆಗೆ 35 ಪೀಸ್ ಕಡಿಮೆ ಸಾಕು, ಸುಮಾರು ಶೇ. 29 ಉಳಿತಾಯ. ಆದರೆ ಎರಡೂ ಕಡೆಯ ಬೇಡಿಕೆ ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿದರೆ ಮಾತ್ರ ಈ ಲೆಕ್ಕ. ಸೀಸನ್ ಬಂದು ಎರಡೂ ಒಟ್ಟಿಗೆ ಏರಿದರೆ ಈ ಉಳಿತಾಯ ಕರಗಿಹೋಗುತ್ತದೆ.

ತೊಂದರೆ ಎಲ್ಲಿ ಅಂದರೆ, ಮಾಲು ಬಿಗಿಯಾದ ಕೂಡಲೇ 'ಮೊದಲು ಬಂದವರು' ಅನ್ನುವುದು ನ್ಯಾಯ ಆಗಿ ಉಳಿಯುವುದಿಲ್ಲ. ಹೋಲ್‌ಸೇಲ್ ಪಾರ್ಟಿ ವಾರಗಟ್ಟಲೆ ಮುಂಚೆ ಆರ್ಡರ್ ಹಾಕುವುದರಿಂದ ಯಾವಾಗಲೂ ಅವರೇ ಮೊದಲು. ಅದೂ ಅಲ್ಲದೆ ಉಲ್ಟಾ ಕೂಡ ಆಗುತ್ತದೆ. ಪಾರ್ಟಿ ಆರ್ಡರ್ ಖಾತ್ರಿ ಮಾಡುವ ಮೊದಲೇ ಆನ್‌ಲೈನ್ ಇಲಿಯ ಹಾಗೆ ಕೆರೆದು ಕೆರೆದು 450ರಲ್ಲಿ 20 ಪೀಸ್ ತಿಂದಿರುತ್ತದೆ. 430 ಕಳಿಸಿದರೆ ಪಾರ್ಟಿ ಸಿಟ್ಟು, ಕಳಿಸದಿದ್ದರೆ ಪೂರ್ತಿ ಆರ್ಡರ್ ಹೋಯಿತು.

ದಾರಿ 2: ಎರಡು ರಾಶಿ

ಗೋದಾಮಿನಲ್ಲೇ ಗೆರೆ ಎಳೆದು ಈ ರ‍್ಯಾಕ್ ಹೋಲ್‌ಸೇಲ್, ಆ ರ‍್ಯಾಕ್ ಆನ್‌ಲೈನ್ ಅನ್ನುವುದು. ಮನಸ್ಸಿಗೆ ನೆಮ್ಮದಿ ಕೊಡುತ್ತದೆ. ಯಾರ ಮಾಲು ಯಾರೂ ಮುಟ್ಟುವುದಿಲ್ಲ, ಜಗಳ ಇಲ್ಲ.

ನನಗೆ ಈ ದಾರಿ ಅಷ್ಟಾಗಿ ಹಿಡಿಸುವುದಿಲ್ಲ. ಒಂದು ರ‍್ಯಾಕಿನಲ್ಲಿ ಧೂಳು ಹಿಡಿಯುತ್ತಿರುವ ಐಟಂ ಇನ್ನೊಂದು ಕಡೆ 'ಸ್ಟಾಕ್ ಇಲ್ಲ' ಅಂತ ತೋರಿಸುವುದನ್ನು ಕಣ್ಣಾರೆ ನೋಡಿದವರಿಗೆ ಇದರ ನೋವು ಗೊತ್ತು. ಮೇಲೆ ಹೇಳಿದ 35 ಪೀಸಿನ ಲೆಕ್ಕ ಇಲ್ಲಿ ಉಲ್ಟಾ ಹೊಡೆಯುತ್ತದೆ, ಪ್ರತಿ ಐಟಂನಲ್ಲೂ ಅಷ್ಟಷ್ಟು ಹಣ ಹೆಚ್ಚು ಕೂತಿರುತ್ತದೆ.

ಆದರೂ ಕೆಲವೊಮ್ಮೆ ಬೇರೆ ದಾರಿ ಇರುವುದಿಲ್ಲ. ಎರಡೂ ಕಡೆಗೆ ಪ್ಯಾಕಿಂಗ್ ಬೇರೆ, ಬಾರ್‌ಕೋಡ್ ಬೇರೆ ಇದ್ದರೆ ಹೆಸರಿಗೆ ಒಂದೇ ಐಟಂ, ನಿಜಕ್ಕೆ ಎರಡು. ಮಾರ್ಕೆಟ್‌ಪ್ಲೇಸ್‌ನ ಗೋದಾಮಿಗೇ ಮಾಲು ಕಳಿಸಿಡುವವರಿಗೂ ಇದೇ ಕಥೆ. ಅಲ್ಲಿಗೆ ಹೋದ ಮಾಲು ವಾಪಸ್ ತರಿಸಲು ಶುಲ್ಕವೂ ಬೇಕು, ದಿನಗಳೂ ಬೇಕು. ಒಂದು ರೀತಿಯಲ್ಲಿ ಅದು ಹೋದ ಮಾಲೇ. ಅದಕ್ಕೇ ಅಲ್ಲಿಗೆ ಒಂದೇ ಸಲ ರಾಶಿ ಹಾಕದೆ ಸ್ವಲ್ಪ ಸ್ವಲ್ಪ, ಪದೇ ಪದೇ ಕಳಿಸುವುದು ವಾಸಿ. ಸಾಗಣೆ ಸ್ವಲ್ಪ ಜಾಸ್ತಿ ಬೀಳುತ್ತದೆ, ಆದರೆ ತೀರ್ಮಾನ ನಿಮ್ಮ ಕೈಯಲ್ಲೇ ಉಳಿಯುತ್ತದೆ.

ದಾರಿ 3: ಒಂದೇ ರಾಶಿ, ನಡುವೆ ಬೇಲಿ

ಮಾಲೆಲ್ಲ ಒಂದೇ ಕಡೆ ಇರುತ್ತದೆ. ಆದರೆ ಸಿಸ್ಟಮ್‌ನಲ್ಲಿ, ಇಲ್ಲವೇ ಕಡೇಪಕ್ಷ ಎಕ್ಸೆಲ್ ಶೀಟಿನಲ್ಲಿ, 'ಇಷ್ಟು ಪೀಸು ಆನ್‌ಲೈನ್‌ಗೆ, ಇದಕ್ಕಿಂತ ಕೆಳಗೆ ಹೋಲ್‌ಸೇಲ್ ಇಳಿಯುವ ಹಾಗಿಲ್ಲ' ಅಂತ ಒಂದು ಗೆರೆ. ಗೆರೆಗೆ ಒಂದು ತಾರೀಖೂ ಇರುತ್ತದೆ, ಆ ತಾರೀಖು ದಾಟಿದರೆ ಗೆರೆ ಅಳಿಸಿಹೋಗುತ್ತದೆ. ಮಾಲು ಬಿಗಿ ಇರುವ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ.

ಗೆರೆ ಎಲ್ಲಿ ಎಳೆಯಬೇಕು ಅನ್ನುವುದಕ್ಕೆ ಒಂದು ಹಳೆಯ, ಚಂದದ ಲೆಕ್ಕ ಇದೆ. ಅದು ಬಂದದ್ದು ವಿಮಾನದ ಸೀಟುಗಳಿಂದ. ಕಡಿಮೆ ದರದವರು ತಿಂಗಳು ಮುಂಚೆ ಬುಕ್ ಮಾಡುತ್ತಾರೆ, ಪೂರ್ತಿ ದರ ಕೊಡುವವರು ಕೊನೆಗೆ ಬರುತ್ತಾರೆ. ಹಾಗಾದರೆ ಕೊನೆಗೆ ಬರುವವರಿಗೆ ಎಷ್ಟು ಸೀಟು ಎತ್ತಿಡಬೇಕು? ಬಿಒಎಸಿ ವಿಮಾನ ಕಂಪನಿಯ ಕೆನ್ ಲಿಟಲ್‌ವುಡ್ 1972ರಲ್ಲಿ ಇದಕ್ಕೆ ಒಂದು ನಿಯಮ ಕೊಟ್ಟರು. ನಮ್ಮ ಹೋಲ್‌ಸೇಲ್ ಪಾರ್ಟಿಯೂ ಮುಂಚೆ ಬಂದು ಕಡಿಮೆ ಕೊಡುವವರೇ, ಆನ್‌ಲೈನ್ ಗಿರಾಕಿಯೂ ತಡವಾಗಿ ಬಂದು ಜಾಸ್ತಿ ಕೊಡುವವರೇ, ಅಲ್ವಾ? ಲೆಕ್ಕ ಹಾಗೇ ಹೊಂದುತ್ತದೆ.

ನಿಯಮ ಇಷ್ಟೇ. ಎತ್ತಿಡುವ ಕೊನೆಯ ಪೀಸು ಆನ್‌ಲೈನ್‌ನಲ್ಲಿ ಹೋಗುವ ಸಾಧ್ಯತೆಯನ್ನು ಆನ್‌ಲೈನ್ ಲಾಭದಿಂದ ಗುಣಿಸಿ. ಅದು ಹೋಲ್‌ಸೇಲ್‌ನಲ್ಲಿ ಈಗಲೇ ಸಿಗುವ ಲಾಭಕ್ಕಿಂತ ಕಡಿಮೆ ಆಗದಿರುವ ತನಕ ಎತ್ತಿಡುತ್ತಾ ಹೋಗಿ. ಕಡಿಮೆ ಆದ ಕಡೆ ನಿಲ್ಲಿಸಿ.

ಕಾಗದದ ಮೇಲೆ ಮಾಡಿ ನೋಡೋಣ. ಎಲ್ಲ ಖರ್ಚು ಕಳೆದು ಆನ್‌ಲೈನ್‌ನಲ್ಲಿ ಒಂದು ಪೀಸಿಗೆ 30 ಉಳಿಯುತ್ತದೆ, ಹೋಲ್‌ಸೇಲ್‌ನಲ್ಲಿ 18. 18ನ್ನು 30ರಿಂದ ಭಾಗಿಸಿದರೆ 0.6. ಈಗ ಹಿಂದಿನ ಹತ್ತು ಸಲ ಲೋಡ್ ಬಂದಾಗ, ಮುಂದಿನ ಲೋಡ್ ಬರುವುದರೊಳಗೆ ಆನ್‌ಲೈನ್‌ನಲ್ಲಿ ಎಷ್ಟೆಷ್ಟು ಹೋಯಿತು ಅನ್ನುವುದನ್ನು ಸಣ್ಣದರಿಂದ ದೊಡ್ಡದಕ್ಕೆ ಬರೆಯಿರಿ. 210, 225, 240, 250, 260, 270, 285, 300, 330, 380 ಅಂತ ಬಂತು ಅನ್ನಿ. ಹತ್ತರಲ್ಲಿ ಆರು ಸಲ ಎಷ್ಟು ಅಥವಾ ಅದಕ್ಕಿಂತ ಜಾಸ್ತಿ ಹೋಗಿದೆ? ಕೊನೆಯಿಂದ ಎಣಿಸಿ, ಆರನೆಯದು 260. ಹಾಗಾದರೆ 260 ಆನ್‌ಲೈನ್‌ಗೆ, ಉಳಿದದ್ದು ಹೋಲ್‌ಸೇಲ್‌ಗೆ ಮುಕ್ತ.

ಇಲ್ಲೊಂದು ತಮಾಷೆ ಇದೆ. ಆ ಹತ್ತು ಅಂಕಿಗಳ ಸರಾಸರಿ 275. ಸುಮ್ನೆ ಅಂದಾಜಿಗೆ ಮಾಡುವವರು ಸರಾಸರಿಯಷ್ಟು ಎತ್ತಿಡುತ್ತಾರೆ, ಹೆದರುವವರು 380ನ್ನೇ ಎತ್ತಿಡುತ್ತಾರೆ. ಲೆಕ್ಕ ಹೇಳುವುದು ಸರಾಸರಿಗಿಂತಲೂ ಕಡಿಮೆ. ಎರಡೂ ಕಡೆಯ ಲಾಭದಲ್ಲಿ ಅಂತರ ಸಣ್ಣದಿದ್ದಾಗ ಕೈಯಲ್ಲಿರುವ ಹೋಲ್‌ಸೇಲ್ ಬಿಲ್ಲಿಗೆ ಬೆಲೆ ಜಾಸ್ತಿ. ಅದೇ ಹೋಲ್‌ಸೇಲ್‌ನಲ್ಲಿ ಉಳಿಯುವುದು 9 ಮಾತ್ರ ಆಗಿದ್ದರೆ 9 ಭಾಗ 30, ಅಂದರೆ 0.3. ಹತ್ತರಲ್ಲಿ ಮೂರು ಸಲ ಮುಟ್ಟಿದ ಅಂಕಿ 300. ಆಗ 300 ಎತ್ತಿಡಬೇಕು.

ಒಂದು ಎಚ್ಚರಿಕೆ. ವಿಮಾನ ಹಾರಿದ ಮೇಲೆ ಖಾಲಿ ಸೀಟಿಗೆ ಬೆಲೆ ಸೊನ್ನೆ. ನಿಮ್ಮ ಪೀಸು ಹಾಗಲ್ಲ, ಉಳಿದರೆ ಆಮೇಲೂ ಮಾರಬಹುದು. ಉಳಿದದ್ದು ಮುಂದೆ ಹೇಗೂ 10 ತರುತ್ತದೆ ಅಂದರೆ ಆ 10ನ್ನು ಎರಡೂ ಕಡೆಯಿಂದ ಕಳೆದು ಭಾಗಿಸಿ: 8 ಭಾಗ 20, 0.4. ಎತ್ತಿಡಬೇಕಾದದ್ದು 285. ಬೇಗ ಹಳತಾಗದ ಮಾಲಾದಷ್ಟೂ ಆನ್‌ಲೈನ್‌ಗೆ ಧೈರ್ಯವಾಗಿ ಎತ್ತಿಡಬಹುದು. ಮಾಡೆಲ್ ಬದಲಾಗುವ ಮಾಲು, ಸೀಸನ್ ಮುಗಿದರೆ ಯಾರೂ ಕೇಳದ ಮಾಲು ಆದರೆ ಬೇಲಿ ಚಿಕ್ಕದಿರಲಿ.

ಸ್ಟಾಕ್ ಮುಗಿದು ಲಿಸ್ಟಿಂಗ್ ಮುಚ್ಚಿದ್ದ ದಿನಗಳ ಮಾರಾಟವನ್ನು ಹಾಗೇ ಈ ಪಟ್ಟಿಗೆ ಹಾಕಬೇಡಿ. 210 ಹೋದದ್ದು ಬೇಡಿಕೆ ಇಲ್ಲದ್ದಕ್ಕೋ ಅಥವಾ ಮಾಲು ಇಲ್ಲದ್ದಕ್ಕೋ ನೋಡಿ. ಎರಡನೆಯದಾದರೆ ಆ ಅಂಕಿ ಸುಳ್ಳು ಹೇಳುತ್ತಿದೆ. ವರ್ಷಗಟ್ಟಲೆ ಆನ್‌ಲೈನ್‌ಗೆ ಕಡಿಮೆ ಕೊಟ್ಟು, ಮಾರಾಟ ಕಡಿಮೆ ಆಯಿತು ಅಂತ ಮತ್ತೂ ಕಡಿಮೆ ಕೊಡುವವರು ಸಿಕ್ಕಿಬೀಳುವುದು ಇಲ್ಲೇ.

ದಾರಿ 4: ತಾರೀಖು ನೋಡಿ ಹೆಸರು ಬರೆಯುವುದು

ಇದು ಮೂರನೆಯದಕ್ಕೆ ಎದುರಾಳಿ ಅಲ್ಲ, ಜೊತೆಗಾರ. ಮೊದಲಿನ ಉದಾಹರಣೆಗೇ ಬರೋಣ. ಕೈಯಲ್ಲಿ 500. ಆನ್‌ಲೈನ್ ದಿನಕ್ಕೆ 15. ಪಾರ್ಟಿಗೆ 450 ಬೇಕು, ಆದರೆ ಲಾರಿ ಹೊರಡಬೇಕಾದದ್ದು 20ನೇ ದಿನ. 12ನೇ ದಿನ 600 ಪೀಸಿನ ಹೊಸ ಲೋಡ್ ಬರುವುದಿದೆ.

ಆರ್ಡರ್ ಬಂದ ಕೂಡಲೇ 450 ಬ್ಲಾಕ್ ಮಾಡಿದರೆ ಆನ್‌ಲೈನ್ ನಾಲ್ಕನೇ ದಿನಕ್ಕೇ ಖಾಲಿ, ಲೋಡ್ ಬರುವ ತನಕ ಎಂಟು ಒಂಬತ್ತು ದಿನ ಲಿಸ್ಟಿಂಗ್ ಮುಚ್ಚಿರುತ್ತದೆ. ಆ 450 ಪೀಸು ಮಾತ್ರ 20 ದಿನ ರ‍್ಯಾಕಿನಲ್ಲಿ ನಿದ್ದೆ ಮಾಡುತ್ತಿರುತ್ತದೆ. ಬ್ಲಾಕ್ ಮಾಡದೇ ಇದ್ದರೆ? 12ನೇ ದಿನಕ್ಕೆ 180 ಹೋಗಿ 320 ಉಳಿಯುತ್ತದೆ, ಲೋಡ್ ಸೇರಿ 920. 20ನೇ ದಿನಕ್ಕೆ ಇನ್ನೂ 120 ಹೋಗಿ 800. ಪಾರ್ಟಿಗೆ 450 ಕಳಿಸಿ ಇನ್ನೂ 350 ಕೈಯಲ್ಲಿ. ಎಲ್ಲರಿಗೂ ಸಿಕ್ಕಿತು.

ಆದರೆ ಲೋಡ್ ಹತ್ತು ದಿನ ತಡವಾದರೆ 20ನೇ ದಿನ ಕೈಯಲ್ಲಿರುವುದು ಬರೀ 200, ಪಾರ್ಟಿಗೆ 250 ಕಡಿಮೆ. ಅದಕ್ಕೇ ನಾನು ಮಧ್ಯದ ದಾರಿ ಹಿಡಿಯುತ್ತೇನೆ. 250 ಪಾರ್ಟಿ ಹೆಸರಿಗೆ ಈಗಲೇ ಬರೆಯುವುದು, ಬಾಕಿ 200 ಬರುವ ಲೋಡಿನ ಮೇಲೆ ಬರೆಯುವುದು. ಆನ್‌ಲೈನ್‌ಗೆ 250 ಸಿಕ್ಕಿತು, 16 ದಿನಕ್ಕೆ ಆಯಿತು. ಅಂದರೆ ಲೋಡ್ ನಾಲ್ಕು ದಿನ ತಡವಾದರೂ ಯಾರಿಗೂ ಗೊತ್ತಾಗುವುದಿಲ್ಲ. ಪೂರ್ತಿ ಕೈಕೊಟ್ಟರೂ ಪಾರ್ಟಿಗೆ ಅರ್ಧಕ್ಕಿಂತ ಜಾಸ್ತಿ ಸಮಯಕ್ಕೆ ಹೋಗುತ್ತದೆ. ಎಷ್ಟನ್ನು ಈಗ ಬರೆಯಬೇಕು, ಎಷ್ಟನ್ನು ಬರುವ ಲೋಡಿನ ಮೇಲೆ ಅನ್ನುವುದು ನಿಮ್ಮ ಸಪ್ಲೈಯರ್ ಹಿಂದೆ ಎಷ್ಟು ಸಲ ತಡ ಮಾಡಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಯಾವತ್ತೂ ಸಮಯಕ್ಕೆ ಬಾರದ ಸಪ್ಲೈಯರ್ ಆದರೆ ಈ ಬುದ್ಧಿವಂತಿಕೆ ಎಲ್ಲ ಬೇಡ, ಮಾಲು ಕೆಳಗಿಳಿಸಿ ಎಣಿಸಿದ ಮೇಲೆ ಮಾತು ಕೊಡಿ.

ತಾರೀಖಿನ ವಿಷಯದಲ್ಲಿ ನಾನೇ ಒಂದು ಸಲ ಚೆನ್ನಾಗಿ ಏಟು ತಿಂದಿದ್ದೇನೆ. ಒಬ್ಬ ಹಳೆಯ ಪಾರ್ಟಿ ಫೋನಿನಲ್ಲಿ 300 ಪೀಸ್ ಎತ್ತಿಡಿ ಅಂದರು. ಎತ್ತಿಟ್ಟೆವು. ರ‍್ಯಾಕಿಗೆ ಒಂದು ಬಿಳಿ ಚೀಟಿ, ಮೇಲೆ ನೀಲಿ ಪೆನ್ನಿನಲ್ಲಿ ಅವರ ಹೆಸರು, ಅಷ್ಟೇ. ಅಡ್ವಾನ್ಸ್ ಬರಲಿಲ್ಲ. ಕೇಳಿದಾಗೆಲ್ಲ 'ಈ ವಾರ, ಮುಂದಿನ ವಾರ'. ನಡುವೆ ಆನ್‌ಲೈನ್‌ನಲ್ಲಿ ಅದೇ ಐಟಂ ಎರಡು ಸಲ ಖಾಲಿಯಾಯಿತು. ಹುಡುಗರು ಚೀಟಿ ನೋಡಿ ಆ ಮಾಲು ಮುಟ್ಟುತ್ತಲೇ ಇರಲಿಲ್ಲ, ಅವರ ತಪ್ಪೂ ಅಲ್ಲ. ಎರಡು ತಿಂಗಳು ಕಳೆದು ಪಾರ್ಟಿ ಬೇಡ ಅಂದಾಗ ಚೀಟಿಯ ಶಾಯಿ ಮಾಸಿ ಹೆಸರೇ ಸರಿಯಾಗಿ ಓದಲಾಗುತ್ತಿರಲಿಲ್ಲ, ಸೀಸನ್ನೂ ಮುಗಿದಿತ್ತು.

ಆಮೇಲಿಂದ ಚೀಟಿಯಲ್ಲಿ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ತಾರೀಖು. ಬಾಯಿಮಾತಿನ ಆರ್ಡರ್‌ಗೆ 48 ಗಂಟೆ. ಅಡ್ವಾನ್ಸ್ ಅಥವಾ ಬರಹದ ಆರ್ಡರ್ ಬಂದರೆ ಡೆಲಿವರಿ ತಾರೀಖಿನ ತನಕ. ತಾರೀಖು ದಾಟಿದರೆ ಯಾರನ್ನೂ ಕೇಳದೆ ಚೀಟಿ ಹರಿಯಬಹುದು. ಪಾರ್ಟಿಗೆ ಇದನ್ನು ಮೊದಲೇ ಹೇಳಿಬಿಡಿ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ನಿಜ ಹೇಳಬೇಕೆಂದರೆ ಬೇಗ ದುಡ್ಡು ಕಳಿಸತೊಡಗಿದರು.

ಕಾರ್ಟನ್ ಮತ್ತು ಸೈಜು: ಅಂಕಿ ಸರಿ ಇದ್ದೂ ಮಾಲು ಇಲ್ಲದಿರುವುದು

ಸಾಫ್ಟ್‌ವೇರ್ ಮಾರುವವರು ಇದನ್ನು ಹೇಳುವುದು ಕಡಿಮೆ. ಸ್ಕ್ರೀನ್ ಮೇಲೆ 240 ಪೀಸ್ ಇದೆ. ಕಾರ್ಟನ್‌ಗೆ 24. ಪಾರ್ಟಿ ಹತ್ತು ಕಾರ್ಟನ್ ಕೇಳಿದರು, ಲೆಕ್ಕ ಸರಿಯಾಗಿದೆ, ಹೂಂ ಅಂದಿರಿ. ರ‍್ಯಾಕಿಗೆ ಹೋಗಿ ನೋಡಿದರೆ ಸೀಲ್ ಒಡೆಯದ ಕಾರ್ಟನ್ ಏಳೇ. ಉಳಿದ 72 ಪೀಸು ಆನ್‌ಲೈನ್ ಪ್ಯಾಕಿಂಗ್ ಮೇಜಿನ ಪಕ್ಕದ ಬುಟ್ಟಿಗಳಲ್ಲಿ ಬಿಡಿಬಿಡಿಯಾಗಿ ಬಿದ್ದಿವೆ, ನಾಲ್ಕು ಕಾರ್ಟನ್ ಅರ್ಧರ್ಧ ಬಾಯಿ ತೆರೆದುಕೊಂಡು ನಿಂತಿವೆ. ಮೂರು ಜನ ಮಧ್ಯಾಹ್ನವೆಲ್ಲ ಕೂತು ಅದನ್ನು ಮತ್ತೆ ಕಾರ್ಟನ್ ಮಾಡಿ ಟೇಪ್ ಹಾಕಬೇಕು. ಅಷ್ಟರಲ್ಲಿ ಆನ್‌ಲೈನ್ ಮೇಜು ಖಾಲಿ.

ಇದಕ್ಕೆ ಮದ್ದು ಸರಳ. ಸೀಲ್ ಕಾರ್ಟನ್‌ನ ಲೆಕ್ಕ ಬೇರೆ, ಬಿಡಿ ಪೀಸಿನ ಲೆಕ್ಕ ಬೇರೆ ಇಡಿ. ಆನ್‌ಲೈನ್‌ನವರು ಒಂದು ಐಟಂನಲ್ಲಿ ಒಂದು ಸಲಕ್ಕೆ ಒಂದೇ ಕಾರ್ಟನ್ ಒಡೆಯಬೇಕು, ಅದು ಮುಗಿಯುವ ತನಕ ಇನ್ನೊಂದು ಮುಟ್ಟಬಾರದು. ಸಿಸ್ಟಮ್ ಏನೂ ಬೇಡ ಇದಕ್ಕೆ, ಬುದ್ಧಿ ಹೇಳಿದರೆ ಸಾಕು. ಆದರೆ ವಾರಕ್ಕೊಂದು ಸಲ ಹೇಳುತ್ತಲೇ ಇರಬೇಕು.

ಬಟ್ಟೆ, ಚಪ್ಪಲಿಯಂಥ ಸೈಜಿನ ಮಾಲಿನಲ್ಲಿ ಇದೇ ಕಾಯಿಲೆ ಇನ್ನೂ ಜೋರು. ಹೋಲ್‌ಸೇಲ್‌ನವರಿಗೆ ಸೆಟ್ ಬೇಕು: ಚಿಕ್ಕದು ಒಂದು, ಮಧ್ಯದ್ದು ಎರಡು, ದೊಡ್ಡದು ಎರಡು, ಅತಿ ದೊಡ್ಡದು ಒಂದು. ಆನ್‌ಲೈನ್ ಗಿರಾಕಿಗೆ ತನ್ನ ಸೈಜು ಮಾತ್ರ ಬೇಕು, ಹೆಚ್ಚಿನವರ ಸೈಜು ನಡುವಿನ ಎರಡರಲ್ಲೇ. ಒಂದು ತಿಂಗಳು ಒಂದೇ ರಾಶಿ ಮಾಡಿ ಬಿಟ್ಟರೆ ಕೊನೆಗೆ ಉಳಿಯುವುದು ಎರಡು ತುದಿಯ ಸೈಜುಗಳ ಗುಡ್ಡೆ. ಪೀಸಿನ ಲೆಕ್ಕದಲ್ಲಿ ಬೇಕಾದಷ್ಟಿದೆ, ಸೆಟ್ ಒಂದೂ ಆಗುವುದಿಲ್ಲ. ಇಂಥ ಮಾಲಿಗೂ ನಾನು ಎರಡು ರಾಶಿ ಸರಿ ಅಂತೀನಿ. ಸೆಟ್‌ಗಳನ್ನು ಕಟ್ಟಿ ಹಾಗೇ ಇಡಿ, ಆನ್‌ಲೈನ್‌ಗೆ ನಡುವಿನ ಸೈಜು ಜಾಸ್ತಿ ಇರುವ ಬಿಡಿ ಮಾಲನ್ನು ಬೇರೆಯೇ ತರಿಸಿ. ಸೆಟ್ ಒಡೆಯಬೇಕಾದರೆ ಒಬ್ಬರ ಸಹಿ ಬೇಕು ಅನ್ನುವ ನಿಯಮ ಇರಲಿ.

ಅವಧಿ ಮುಗಿಯುವ ಮಾಲು ಇದ್ದರೆ ಬ್ಯಾಚ್ ಕೂಡ ನೋಡಬೇಕು. ಹೋಲ್‌ಸೇಲ್ ಮಾಲು ಇನ್ನೊಂದು ಗೋದಾಮು, ಇನ್ನೊಂದು ಅಂಗಡಿ ದಾಟಿ ಹೋಗುವುದರಿಂದ ಅವರು ಹೆಚ್ಚು ಅವಧಿ ಉಳಿದಿರುವ ಬ್ಯಾಚನ್ನೇ ಕೇಳುತ್ತಾರೆ. ಆನ್‌ಲೈನ್ ಮಾಲು ನೇರ ಬಳಸುವವರ ಕೈಗೆ ಹೋಗುತ್ತದೆ, ಸ್ವಲ್ಪ ಹಳೆಯ ಬ್ಯಾಚ್ ಆದರೂ ನಡೆಯುತ್ತದೆ, ತೀರಾ ಹಳೆಯದಾದರೆ ಅಲ್ಲ.

ಯಾರಿಗೂ ಸಾಲದಿದ್ದಾಗ

ಹೋಲ್‌ಸೇಲ್ ಪಾರ್ಟಿಗಳೇ ನಾಲ್ಕೈದು ಜನ ಇದ್ದು ಮಾಲು ಅರ್ಧ ಮಾತ್ರ ಇದ್ದರೆ ಸಾಮಾನ್ಯವಾಗಿ ಏನು ಮಾಡುತ್ತಾರೆ? ಎಲ್ಲರಿಗೂ ಕೇಳಿದ್ದರಲ್ಲಿ ಅರ್ಧ. ನೋಡಲು ನ್ಯಾಯ. ಮುಂದಿನ ಸಲ ನೋಡಿ, 100 ಬೇಕಾದವರು 200 ಬರೆಸುತ್ತಾರೆ. ಹೌ ಲೀ, ಪದ್ಮನಾಭನ್ ಮತ್ತು ವಾಂಗ್ ಅನ್ನುವ ಮೂವರು ಸಂಶೋಧಕರು 1997ರಲ್ಲಿ ಪೂರೈಕೆ ಸರಪಳಿಯಲ್ಲಿ ಆರ್ಡರ್‌ಗಳು ಯಾಕೆ ಹುಚ್ಚುಚ್ಚಾಗಿ ಏರಿಳಿಯುತ್ತವೆ ಅಂತ ವಿವರಿಸಿದಾಗ ಕೊಟ್ಟ ನಾಲ್ಕು ಕಾರಣಗಳಲ್ಲಿ ಇದೂ ಒಂದು. ಅದಕ್ಕೆ ಪಾಲನ್ನು ಕೇಳಿದ್ದರ ಮೇಲೆ ಮಾಡಬೇಡಿ, ಹಿಂದೆ ನಿಜವಾಗಿ ತೆಗೆದುಕೊಂಡದ್ದರ ಮೇಲೆ ಮಾಡಿ. ಉಬ್ಬಿಸಿ ಬರೆಸಿ ಏನೂ ಪ್ರಯೋಜನ ಇಲ್ಲ ಅಂತ ಎರಡು ಸಲದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಹೊಸ ಪಾರ್ಟಿಗಳಿಗೆ ಇದರಿಂದ ಸ್ವಲ್ಪ ಅನ್ಯಾಯ ಆಗುತ್ತದೆ, ಅವರಿಗೆ ಅಂತ ಒಂದು ಸಣ್ಣ ಪಾಲು ಬೇರೆ ಇಡಿ.

ಹೀಗಾದರೆ ನಿಮಗೆ ಯಾವುದು?

ಐಟಂಗಳನ್ನು ಮೂರು ಗುಂಪು ಮಾಡಿಕೊಳ್ಳಿ, ಎಲ್ಲಕ್ಕೂ ಒಂದೇ ನಿಯಮ ಹಾಕಲು ಹೋಗಬೇಡಿ. ಬೇಗ ಮತ್ತೆ ತರಿಸಬಹುದಾದ, ಸದಾ ಇರುವ ಮಾಲಿಗೆ ಒಂದೇ ರಾಶಿ, ಬೇಲಿಯೇ ಬೇಡ. ಸೆಟ್ಟಿನ ಮಾಲು, ಪ್ಯಾಕಿಂಗ್ ಬೇರೆ ಇರುವ ಮಾಲಿಗೆ ಎರಡು ರಾಶಿ. ತರಿಸಲು ವಾರಗಟ್ಟಲೆ ಹಿಡಿಯುವ, ಎರಡೂ ಕಡೆ ಓಡುವ ಮಾಲಿಗೆ ಬೇಲಿ ಮತ್ತು ತಾರೀಖು. ಈ ಕೊನೆಯ ಗುಂಪಿನಲ್ಲಿ ಹೆಚ್ಚೆಂದರೆ ಮೂವತ್ತು ನಲವತ್ತು ಐಟಂ ಇರಬಹುದು. ನಿಮ್ಮ ಸಮಯವೆಲ್ಲ ಅದಕ್ಕೇ ಹೋಗಲಿ, ವಾರಕ್ಕೊಮ್ಮೆ ಕೂತು ಗೆರೆ ಸರಿಸಿ.

ಆನ್‌ಲೈನ್ ಈಗಷ್ಟೇ ಶುರು ಮಾಡಿರುವವರಾದರೆ ಹತ್ತು ಸಲದ ಮಾರಾಟದ ಪಟ್ಟಿ ನಿಮ್ಮ ಹತ್ತಿರ ಇರುವುದಿಲ್ಲ. ಲೆಕ್ಕ ಬಿಡಿ, ಎರಡು ವಾರದ ಮಾರಾಟದಷ್ಟು ಎತ್ತಿಟ್ಟು ಶುರು ಮಾಡಿ, ಅಂಕಿ ಬರೆಯುತ್ತಾ ಹೋಗಿ. ಒಬ್ಬರೇ ಪಾರ್ಟಿ ವ್ಯಾಪಾರದ ಅರ್ಧ ನಡೆಸುತ್ತಿದ್ದರೆ ಅವರಿಗೆ ಮೊದಲು ಕೊಡಿ. ಲಿಟಲ್‌ವುಡ್ ಲೆಕ್ಕ ಬೇರೆ ಹೇಳಿದರೂ ಕೊಡಿ. ಆ ಸೂತ್ರದಲ್ಲಿ ಸಂಬಂಧಕ್ಕೆ ಜಾಗ ಇಲ್ಲ.

ಸಿಂಕ್ ಮತ್ತು ರಿಟರ್ನ್

ಎಷ್ಟೇ ಚಂದದ ಬೇಲಿ ಹಾಕಿದರೂ ಸ್ಕ್ರೀನ್ ತಡವಾಗಿ ಓಡಿದರೆ ಎಲ್ಲ ವ್ಯರ್ಥ. ಕೈಯಲ್ಲಿ 10 ಪೀಸ್ ಇದ್ದು ಮೂರು ಮಾರ್ಕೆಟ್‌ಪ್ಲೇಸ್‌ನಲ್ಲೂ 10 ಅಂತ ತೋರಿಸಿದರೆ 30 ಜನರಿಗೆ ಮಾತು ಕೊಟ್ಟಂತೆ. ಸಿಂಕ್, ಅಂದರೆ ಎಲ್ಲ ಕಡೆಯ ಸ್ಟಾಕ್ ಅಂಕಿ ತಾಳೆಯಾಗುವುದು, 15 ನಿಮಿಷಕ್ಕೊಮ್ಮೆ ಆಗುತ್ತದೆ, ಓಟದ ಹೊತ್ತಿನಲ್ಲಿ ಗಂಟೆಗೆ 40 ಪೀಸ್ ಹೋಗುತ್ತದೆ ಅಂದರೆ ಎರಡು ಸಿಂಕ್ ನಡುವೆ 10 ಪೀಸ್ ಹೋಗಿರುತ್ತದೆ. ಅಷ್ಟನ್ನು ಯಾರಿಗೂ ತೋರಿಸದೆ ಕಾಪು ಸ್ಟಾಕ್ ಆಗಿ ಇಡಿ. ನಿಧಾನ ಹೋಗುವ ಐಟಂಗೆ ಒಂದೋ ಎರಡೋ ಸಾಕು. ಎಲ್ಲ ಐಟಂಗೂ ಕಣ್ಣುಮುಚ್ಚಿ ಐದು ಅಂತ ಇಡುವವರನ್ನು ನೋಡಿದ್ದೇನೆ. ಎರಡು ಸಾವಿರ ಐಟಂ ಇದ್ದರೆ ಅದು ಹತ್ತು ಸಾವಿರ ಪೀಸು, ಕಣ್ಣಿಗೆ ಕಾಣದೆ ಕೂತಿರುವ ಮಾಲು.

ರಿಟರ್ನ್ ಬಂದ ಪೀಸನ್ನು ಗೇಟಿನಲ್ಲಿ ಸ್ಕ್ಯಾನ್ ಮಾಡಿದ ತಕ್ಷಣ ಸ್ಟಾಕಿಗೆ ಸೇರಿಸುವ ಸಿಸ್ಟಮ್‌ಗಳಿವೆ. ಆ ಸೆಟ್ಟಿಂಗ್ ಆಫ್ ಮಾಡಿ. ಪೆಟ್ಟಿಗೆ ಒಡೆದಿರಬಹುದು, ಒಳಗೆ ಬೇರೆ ಏನೋ ಇರಬಹುದು, ಚಾರ್ಜರ್ ಇರಬೇಕಾದ ಕಡೆ ಬರೀ ಖಾಲಿ ಗುಳಿ ಇರಬಹುದು. ಒಬ್ಬರು ಬಿಚ್ಚಿ ನೋಡಿ ಸರಿ ಇದೆ ಅನ್ನುವ ತನಕ ಅದು ಯಾರ ಪಾಲಿಗೂ ಇಲ್ಲ. ಸರಿ ಇದ್ದರೂ ಅದು ಹೋಗಬೇಕಾದದ್ದು ಆನ್‌ಲೈನ್ ಬುಟ್ಟಿಗೇ, ಏಕೆಂದರೆ ಒಂದು ಸಲ ಬಿಚ್ಚಿದ ಪೀಸನ್ನು ಕಾರ್ಟನ್ ಒಳಗೆ ತುರುಕಿ ಪಾರ್ಟಿಗೆ ಕಳಿಸಿದರೆ 24ರಲ್ಲಿ ಅದೊಂದನ್ನೇ ಅವರು ಮೊದಲು ಕೈಗೆತ್ತಿಕೊಳ್ಳುತ್ತಾರೆ, ಅದು ಹೇಗೋ ಗೊತ್ತಿಲ್ಲ.